ಆಫೀಸಿನ ಮೇಲ್ ಸರ್ವರ್‌ಗೆ ಯಾವ ಹೋಸ್ಟ್‌ನೇಮ್? ಲೈನ್ ಇದ್ದಾಗಲೂ ಕಡಿದಾಗಲೂ ನಡೆಯುವ ಆಯ್ಕೆ

ಶಿರಸಿಯಲ್ಲಿ ಹೆಡ್ ಆಫೀಸು, ಕುಮಟಾ ಮತ್ತು ಕಾರವಾರದಲ್ಲಿ ಒಂದೊಂದು ಶಾಖೆ ಇರುವ ಸೊಸೈಟಿ ಎಂದುಕೊಳ್ಳಿ. ಹೆಡ್ ಆಫೀಸಿನ ಮೂಲೆಯಲ್ಲೊಂದು ಲಿನಕ್ಸ್ ಯಂತ್ರ, ಅದರಲ್ಲೊಂದು ಮೇಲ್ ಸರ್ವರ್. ಒಳಗಿನವರ ಪತ್ರ ವ್ಯವಹಾರ, ಸ್ಕ್ಯಾನರ್ ಕಳಿಸುವ ಪಿಡಿಎಫ್, ರಾತ್ರಿ ಬ್ಯಾಕಪ್ ಮುಗಿದ ವರದಿ, ಯುಪಿಎಸ್‌ನ ಎಚ್ಚರಿಕೆ ಎಲ್ಲವೂ ಅದರ ಮೂಲಕವೇ ಹೋಗಬೇಕು. ಇನ್‌ಸ್ಟಾಲ್ ಮಾಡುವಾಗ ಅದು ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು ಹೋಸ್ಟ್‌ನೇಮ್, ಅಂದರೆ ನೆಟ್‌ವರ್ಕಿನಲ್ಲಿ ಆ ಯಂತ್ರವನ್ನು ಗುರುತಿಸುವ ಹೆಸರು. ಪರದೆಯಲ್ಲಿ ತಾನಾಗಿ ಬಂದ ಹೆಸರಿಗೇ ಎಂಟರ್ ಒತ್ತಿ ಮುಂದೆ ಹೋಗುವವರು ಹೆಚ್ಚು. ಬೇಸಿಗೆಯಲ್ಲಿ ಅದು ನಡೆದೂ ಹೋಗುತ್ತದೆ.

ಮಳೆಗಾಲದ ಮಾತು ಬೇರೆ. ದೇವಿಮನೆ ಘಟ್ಟದಲ್ಲೋ ಅರಬೈಲಿನಲ್ಲೋ ಮರ ಉರುಳಿ, ಮಣ್ಣು ಜಾರಿ ಫೈಬರ್ ಕಡಿಯುವುದು ಇಲ್ಲಿ ಹೊಸ ಸುದ್ದಿಯಲ್ಲ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ದಿನಗಟ್ಟಲೆ ಬಂದ್ ಆಗಿತ್ತು. ರಸ್ತೆಯೇ ಇಲ್ಲದಾಗ ಕೇಬಲ್ ಜೋಡಿಸುವವರು ಬರುವುದಾದರೂ ಹೇಗೆ? ಹಾಗಾಗಿ ಈ ಜಿಲ್ಲೆಯಲ್ಲಿ ಹೆಸರು ಆರಿಸುವವರು ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಹೊರಗಿನ ಲೈನ್ ಸತ್ತಾಗ ಆಫೀಸಿನ ಒಳಗೆ ಈ ಹೆಸರು ಸಿಗುತ್ತದೆಯೇ? ಲೈನ್ ಬಂದ ಮೇಲೆ ಹೊರಗಿನ ಸರ್ವರ್‌ಗಳು ಇದೇ ಹೆಸರನ್ನು ಒಪ್ಪುತ್ತವೆಯೇ? ಚಾಲ್ತಿಯಲ್ಲಿರುವ ಆಯ್ಕೆಗಳಲ್ಲಿ ಹೆಚ್ಚಿನವು ಒಂದರಲ್ಲಿ ಪಾಸು, ಇನ್ನೊಂದರಲ್ಲಿ ಫೇಲು.

ಇಲ್ಲಿ ಸೆಟ್ಟಿಂಗ್, ಆದೇಶ, ಫೈಲ್‌ಗಳ ಹೆಸರನ್ನೆಲ್ಲ ಕನ್ನಡ ಲಿಪಿಯಲ್ಲಿ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರಗಳನ್ನೇ ಬಳಸಿ. ನಿಮ್ಮ ಡೊಮೇನ್ ಕನ್ನಡದ ಡಾಟ್ ಭಾರತದಲ್ಲೇ ಇದ್ದರೂ ಹೋಸ್ಟ್‌ನೇಮ್ ಜಾಗದಲ್ಲಿ ಅದರ ಎಕ್ಸ್‌ಎನ್ ಮತ್ತು ಎರಡು ಅಡ್ಡಗೆರೆಯಿಂದ ಶುರುವಾಗುವ ರೂಪವನ್ನೇ ಹಾಕಬೇಕು. ಎಕ್ಸಾಂಪಲ್.ಕಾಮ್ ಎಂಬುದು ಉದಾಹರಣೆಗೆಂದೇ ಕಾಯ್ದಿಟ್ಟ ಡೊಮೇನ್. ಅದು ಬಂದಲ್ಲೆಲ್ಲ ನಿಮ್ಮದನ್ನು ಹಾಕಿಕೊಳ್ಳಿ.

ಒಂದು ಹೆಸರು, ಮೂರು ಕೆಲಸ

ಮೊದಲನೆಯದು ದಾರಿ ತೋರಿಸುವ ಕೆಲಸ. ಕಂಪ್ಯೂಟರು, ಮೊಬೈಲು, ಸ್ಕ್ಯಾನರು ಈ ಹೆಸರನ್ನು ಐಪಿ ವಿಳಾಸವಾಗಿ ಬದಲಿಸಿಕೊಂಡು ಸರ್ವರ್ ಮುಟ್ಟುತ್ತವೆ. ಎರಡನೆಯದು ಪರಿಚಯ. ನಮ್ಮ ಸರ್ವರ್ ಇನ್ನೊಂದು ಸರ್ವರ್‌ಗೆ ಮೇಲ್ ಒಪ್ಪಿಸಲು ಹೋದಾಗ ಹೆಲೋ ಆದೇಶದ ಜೊತೆ ತನ್ನ ಹೆಸರು ಹೇಳುತ್ತದೆ. ತನ್ನ ಬಳಿ ಯಾರಾದರೂ ಬಂದಾಗ 220ರಿಂದ ಶುರುವಾಗುವ ಸಾಲಿನಲ್ಲಿ ಅದೇ ಹೆಸರನ್ನು ತೋರಿಸುತ್ತದೆ. ಇಂಟರ್ನೆಟ್ಟಿನ ನಿಯಮ ಹೇಳುವ ಆರ್‌ಎಫ್‌ಸಿ ದಾಖಲೆಗಳಲ್ಲಿ ಒಂದಾದ 2008ರ ಆರ್‌ಎಫ್‌ಸಿ 5321 ಪ್ರಕಾರ ಹೆಲೋ ಜೊತೆ ಪೂರ್ಣ ಡೊಮೇನ್ ಹೆಸರು ಇರಬೇಕು. ಹೆಸರೇ ಇಲ್ಲದ ಯಂತ್ರವಾದರೆ ಚೌಕ ಕಂಸದೊಳಗೆ ಐಪಿ ವಿಳಾಸ. ಮೂರನೆಯದು ಬಟವಾಡೆಯ ತೀರ್ಮಾನ. ಯಾವ ಡೊಮೇನಿಗೆ ಬಂದ ಮೇಲ್ ತನ್ನದು, ಯಾವುದನ್ನು ಮುಂದೆ ಸಾಗಿಸಬೇಕು ಎಂಬುದನ್ನು ಸಾಫ್ಟ್‌ವೇರ್ ಬಹಳಷ್ಟು ಸಲ ಈ ಹೆಸರಿನಿಂದಲೇ ಊಹಿಸುತ್ತದೆ.

ಈ ಮೂರಕ್ಕೂ ಬೇರೆ ಬೇರೆ ಸೆಟ್ಟಿಂಗ್ ಇದೆ ಎಂಬುದು ನೆನಪಿರಲಿ. ಒಂದು ಕೆಲಸ ಕೆಟ್ಟಾಗ ಇನ್ನೆರಡರ ಸೆಟ್ಟಿಂಗ್ ತಿದ್ದಲು ಹೋಗಿ ಸರಿಯಿದ್ದುದನ್ನೂ ಕೆಡಿಸುವುದೇ ಹೆಚ್ಚು.

ಹೆಸರಿನಲ್ಲಿ ಎ ಇಂದ ಝಡ್, 0 ಇಂದ 9 ಮತ್ತು ಅಡ್ಡಗೆರೆ ಮಾತ್ರ. ಚುಕ್ಕಿಗಳ ನಡುವಿನ ಒಂದು ತುಂಡು 63 ಅಕ್ಷರ ಮೀರಬಾರದು. ಅಡಿಗೆರೆ (_) ಸಲ್ಲದು: ವಿಂಡೋಸಿನಲ್ಲಿ ಕಂಪ್ಯೂಟರಿಗೆ ಅಡಿಗೆರೆ ಇರುವ ಹೆಸರಿಟ್ಟು, ಅದನ್ನೇ ಹೆಲೋದಲ್ಲಿ ಕಳಿಸಿದರೆ ಕಟ್ಟುನಿಟ್ಟಿನ ಸರ್ವರ್‌ಗಳು ಬಾಗಿಲಲ್ಲೇ ವಾಪಸು ಕಳಿಸುತ್ತವೆ. ಇನ್ನು ಶಿರಸಿಯನ್ನೂ ಕಾರವಾರವನ್ನೂ ಇಂಗ್ಲಿಷಿನಲ್ಲಿ ಬರೆಯುವ ರೀತಿ ಒಂದೊಂದು ಬೋರ್ಡಿನಲ್ಲಿ ಒಂದೊಂದು. ಒಂದು ಕಾಗುಣಿತ ಗೊತ್ತುಮಾಡಿ ಬರೆದಿಟ್ಟುಕೊಳ್ಳಿ. ಇಲ್ಲವಾದರೆ ಕುಮಟಾದವರು ಒಂದು ಟೈಪ್ ಮಾಡುತ್ತಾರೆ, ಸರ್ವರ್ ಇನ್ನೊಂದು ಹೆಸರಿಗೆ ಓಗೊಡುತ್ತಿರುತ್ತದೆ.

ಚುಕ್ಕಿ ಇಲ್ಲದ ಹೆಸರು, ಬರೀ ಐಪಿ

ಬರೇ "ಸರ್ವರ್" ಎಂಬ ಹೆಸರಿಟ್ಟರೆ ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ಸಾಫ್ಟ್‌ವೇರ್ ತಾನಾಗಿ ಹಿಂದೆ "ಲೋಕಲ್‌ಡೊಮೇನ್" ಸೇರಿಸಿಕೊಳ್ಳುತ್ತದೆ. ಆಗ ಬ್ಯಾಕಪ್ ವರದಿ ಹೊರಡುವುದು ರೂಟ್ ಅಟ್ ಸರ್ವರ್.ಲೋಕಲ್‌ಡೊಮೇನ್ ಎಂಬ ವಿಳಾಸದಿಂದ. ಒಳಗೆ ಅದು ಸಲೀಸಾಗಿ ತಲುಪುತ್ತದೆ. ಹೊರಗಿನ ಸರ್ವರ್ ಕಳಿಸಿದವರ ಡೊಮೇನ್ ಇದೆಯೇ ಎಂದು ಹುಡುಕಿ, ಸಿಗದೆ ತಿರಸ್ಕರಿಸುತ್ತದೆ. ಹೊರಗಿನ ಮೇಲ್‌ಬಾಕ್ಸಿಗೆ ಎಚ್ಚರಿಕೆ ತಲುಪಬೇಕಾದ ಕಡೆ ಇದು ಆಯ್ಕೆಯೇ ಅಲ್ಲ.

ಬರೀ ಐಪಿಯನ್ನು ಕೀಳಾಗಿ ಕಾಣುವುದು ಬೇಡ. ಸ್ಕ್ಯಾನರ್, ಯುಪಿಎಸ್ ಕಾರ್ಡ್, ಸಿಸಿಟಿವಿ ಡಿವಿಆರ್‌ಗಳಲ್ಲಿ ಎಸ್‌ಎಂಟಿಪಿ (ಮೇಲ್ ಸಾಗಿಸುವ) ಸರ್ವರ್ ಎಂಬಲ್ಲಿ ನಮ್ಮ ಉದಾಹರಣೆಯ ಸರ್ವರ್‌ನ ಐಪಿಯಾದ 192.168.11.10 ಎಂದೇ ತುಂಬಿ. ಹೆಸರಿಗೆ ಐಪಿ ಹುಡುಕಿಕೊಡುವ ಡಿಎನ್‌ಎಸ್ ಕೈಕೊಟ್ಟರೂ ಅವು ಕೆಲಸ ಮಾಡುತ್ತಿರುತ್ತವೆ. ಷರತ್ತು ಎರಡು. ಸರ್ವರ್‌ನ ಐಪಿ ಸ್ಥಿರವಾಗಿರಬೇಕು. ಆ ಯಂತ್ರ ಎನ್‌ಕ್ರಿಪ್ಶನ್ ಬಳಸಿ, ಸರ್ವರ್‌ನ ಗುರುತು ಸಾಬೀತುಪಡಿಸುವ ಸರ್ಟಿಫಿಕೇಟ್ ಪರಿಶೀಲಿಸುವಂಥದ್ದಾದರೆ ಮಾತ್ರ ಹೆಸರೇ ಬೇಕು, ಏಕೆಂದರೆ ಸರ್ಟಿಫಿಕೇಟ್‌ನಲ್ಲಿ ಇರುವುದು ಹೆಸರು.

ಡಾಟ್ ಲೋಕಲ್ ಯಾಕೆ ಬೇಡ

ಸಣ್ಣ ಆಫೀಸುಗಳಲ್ಲಿ ಅತಿ ಹೆಚ್ಚು ಕಾಣುವುದು, ಅತಿ ಹೆಚ್ಚು ಕಾಡುವುದೂ ಇದೇ. ಹಳೆಯ ವಿಂಡೋಸ್ ಸರ್ವರ್ ಕೈಪಿಡಿಗಳು ಸರ್ವರ್.ಲೋಕಲ್ ಥರದ ಹೆಸರುಗಳನ್ನೇ ಸೂಚಿಸುತ್ತಿದ್ದವು, ರೂಢಿ ಉಳಿದುಬಂತು. ಆದರೆ 2013ರ ಆರ್‌ಎಫ್‌ಸಿ 6762 ಡಾಟ್ ಲೋಕಲ್ ಅನ್ನು ಮಲ್ಟಿಕಾಸ್ಟ್ ಡಿಎನ್‌ಎಸ್‌ಗೆಂದೇ ಮೀಸಲಿಟ್ಟಿದೆ. ಅಂದರೆ ಆ ಹೆಸರನ್ನು ಡಿಎನ್‌ಎಸ್ ಸರ್ವರ್‌ನಲ್ಲಿ ಹುಡುಕುವ ಬದಲು, ಅದೇ ನೆಟ್‌ವರ್ಕಿನ ಯಂತ್ರಗಳನ್ನೆಲ್ಲ ಉದ್ದೇಶಿಸಿ "ಈ ಹೆಸರು ಯಾರದು?" ಎಂದು ಕೂಗಿ ಕೇಳಲಾಗುತ್ತದೆ.

ಪರಿಣಾಮ ವಿಚಿತ್ರವಾಗಿರುತ್ತದೆ. ರೌಟರ್‌ನ ಡಿಎನ್‌ಎಸ್‌ನಲ್ಲಿ ಸರ್ವರ್.ಲೋಕಲ್ ಸರಿಯಾಗಿ ಬರೆದಿದೆ. ಡಿಗ್ ಆದೇಶ ಕೊಟ್ಟರೆ ಸರಿಯಾದ ಐಪಿ ಬರುತ್ತದೆ. ಪಿಂಗ್ ಮಾಡಿದರೆ ಮಾತ್ರ ಹೆಸರು ಗೊತ್ತಿಲ್ಲ ಎನ್ನುತ್ತದೆ. ಕಾರಣ ಲಿನಕ್ಸ್ ಡೆಸ್ಕ್‌ಟಾಪಿನ ಎನ್‌ಎಸ್‌ಸ್ವಿಚ್.ಕಾನ್ಫ್ ಫೈಲ್‌ನಲ್ಲಿದೆ: ಅಲ್ಲಿ ಹೋಸ್ಟ್ಸ್ ಸಾಲಿನಲ್ಲಿ "ಎಂಡಿಎನ್‌ಎಸ್4_ಮಿನಿಮಲ್" ಎಂಬುದು ಡಿಎನ್‌ಎಸ್‌ಗಿಂತ ಮೊದಲೇ ಕೂತಿರುತ್ತದೆ, ಸಿಗದಿದ್ದರೆ ಅಲ್ಲಿಗೇ ನಿಲ್ಲಿಸು ಎಂಬ ಸೂಚನೆಯೂ ಅದರ ಬೆನ್ನಿಗಿರುತ್ತದೆ. ಡಿಗ್ ಈ ಸಾಲನ್ನು ನೋಡುವುದೇ ಇಲ್ಲ, ನೇರವಾಗಿ ಡಿಎನ್‌ಎಸ್ ಕೇಳುತ್ತದೆ. ಅದಕ್ಕೇ ಎರಡರ ಉತ್ತರ ಬೇರೆ. ಸಾಮಾನ್ಯ ಪ್ರೋಗ್ರಾಮಿಗೆ ಕಾಣುವ ಉತ್ತರ ಬೇಕಿದ್ದರೆ "ಗೆಟ್‌ಎಂಟ್ ಹೋಸ್ಟ್ಸ್" ಆದೇಶ ಬಳಸಿ.

ಶಾಖೆಗಳಿರುವವರಿಗೆ ಇನ್ನೊಂದು ತೊಡಕು. ಈ ಕೂಗು ರೌಟರ್ ದಾಟುವುದಿಲ್ಲ. ಶಿರಸಿಯ ಸರ್ವರ್.ಲೋಕಲ್, ಶಾಖೆಗಳನ್ನು ಇಂಟರ್ನೆಟ್ ಮೂಲಕ ಜೋಡಿಸುವ ವಿಪಿಎನ್ ಇದ್ದರೂ ಘಟ್ಟದ ಕೆಳಗಿನ ಕುಮಟಾಕ್ಕೆ ಕೇಳಿಸುವುದಿಲ್ಲ. ಸಾರ್ವಜನಿಕ ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳು ಇಂಥ ಒಳಹೆಸರುಗಳಿಗೆ ಸರ್ಟಿಫಿಕೇಟ್ ಕೊಡುವುದನ್ನು 2015ರ ನವೆಂಬರ್‌ಗೇ ನಿಲ್ಲಿಸಿವೆ. ಈಗಾಗಲೇ ಡಾಟ್ ಲೋಕಲ್‌ನಲ್ಲಿ ಸಿಕ್ಕಿಕೊಂಡಿದ್ದರೆ ಇಡೀ ನೆಟ್‌ವರ್ಕ್ ಕೆಡವುವುದು ಬೇಡ. ಮೇಲ್ ಸರ್ವರ್‌ಗೆ ಮಾತ್ರ ಹೊಸ ಹೆಸರು ಕೊಟ್ಟು ಉಳಿದದ್ದನ್ನು ಹಾಗೇ ಬಿಡಬಹುದು.

ಮೀಸಲು ಹೆಸರುಗಳು, ಸ್ವಂತ ಕಲ್ಪನೆಯ ಹೆಸರುಗಳು

ಡಾಟ್ ಆಫೀಸ್, ಡಾಟ್ ಲ್ಯಾನ್ ಎಂದು ತೋಚಿದ್ದನ್ನು ಇಡುವುದರಲ್ಲಿ ಅಪಾಯವಿದೆ. ನಾಳೆ ಅದೇ ಬಾಲ ಇಂಟರ್ನೆಟ್ಟಿನಲ್ಲಿ ನಿಜವಾಗಿಯೂ ಬರಬಹುದು. ಡಾಟ್ ಡೆವ್ ಎಂದು ಒಳಗೊಳಗೇ ಬಳಸುತ್ತಿದ್ದವರಿಗೆ ಆದದ್ದು ಇದೇ: ಅದು ಗೂಗಲ್ ಕೈಗೆ ಹೋಗಿ, 2019ರಲ್ಲಿ ಸಾರ್ವಜನಿಕರಿಗೆ ಮಾರಾಟಕ್ಕೆ ಬಂತು.

ಸ್ವಂತ ಡೊಮೇನ್ ಇಲ್ಲ, ಹೊರಗೆ ಮೇಲ್ ಕಳಿಸುವುದೂ ಇಲ್ಲ ಎಂದಾದರೆ ಕಾಯ್ದಿಟ್ಟ ಬಾಲಗಳಲ್ಲೇ ಒಂದನ್ನು ಆರಿಸಿ. ಡಾಟ್ ಇಂಟರ್ನಲ್ ಅನ್ನು ಖಾಸಗಿ ಬಳಕೆಗೆಂದು, ಡೊಮೇನ್ ಹೆಸರುಗಳ ಉಸ್ತುವಾರಿ ನೋಡುವ ಐಕ್ಯಾನ್ ಸಂಸ್ಥೆ 2024ರ ಜುಲೈನಲ್ಲಿ ಮೀಸಲಿಟ್ಟಿತು. ಹೋಮ್.ಆರ್ಪಾ ಮನೆಯ ನೆಟ್‌ವರ್ಕಿಗೆಂದು 2018ರ ಆರ್‌ಎಫ್‌ಸಿ 8375ರಲ್ಲಿ ಬಂದದ್ದು. ಡಾಟ್ ಟೆಸ್ಟ್ 1999ರಿಂದಲೂ ಪರೀಕ್ಷೆಗೆಂದೇ ಇದೆ. ಕಾಲೇಜಿನ ಲ್ಯಾಬಿನಲ್ಲಿ ಮೇಲ್ ಸರ್ವರ್ ಕಟ್ಟಿ ಕಲಿಸುವವರಿಗೆ ಹೇಳಿಮಾಡಿಸಿದ ಬಾಲ. ಇವುಗಳಿಗೂ ಸಾರ್ವಜನಿಕ ಸರ್ಟಿಫಿಕೇಟ್ ಸಿಗುವುದಿಲ್ಲ. ಸ್ವಂತ ಸರ್ಟಿಫಿಕೇಟ್ ಮಾಡಿ ಪ್ರತಿ ಮೊಬೈಲಿಗೂ ಹಾಕುತ್ತ ಕೂರುವ ತಾಳ್ಮೆ ಇದ್ದರೆ ಸೈ.

ಸ್ವಂತ ಡೊಮೇನಿನ ಕೆಳಗೊಂದು ಹೆಸರು

ವರ್ಷದ ಡೊಮೇನ್ ಶುಲ್ಕ ಕಟ್ಟುತ್ತಿರುವ ಸಂಸ್ಥೆಗೆ ನಮ್ಮ ಶಿಫಾರಸು ಇದೊಂದೇ: ಮೇಲ್.ಶಿರಸಿ.ಎಕ್ಸಾಂಪಲ್.ಕಾಮ್, ಮೇಲ್.ಕುಮಟಾ.ಎಕ್ಸಾಂಪಲ್.ಕಾಮ್ ಹೀಗೆ ಊರಿಗೊಂದು ಉಪಡೊಮೇನ್. ಡೊಮೇನ್ ನಿಮ್ಮದೇ ಆದ್ದರಿಂದ ಬೇರೆ ಯಾರೂ ಆ ಹೆಸರನ್ನು ಪಡೆಯಲಾರರು. ಸರ್ಟಿಫಿಕೇಟ್ ಕೂಡ ಸಿಗುತ್ತದೆ: ಉಚಿತವಾಗಿ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನ ಡಿಎನ್‌ಎಸ್-01 ವಿಧಾನದಲ್ಲಿ ಡೊಮೇನಿನ ಹೊರಗಿನ ಡಿಎನ್‌ಎಸ್‌ನಲ್ಲಿ ಒಂದು ಟಿಎಕ್ಸ್‌ಟಿ ದಾಖಲೆ ಹಾಕಿದರೆ ಸಾಕು, ಸರ್ವರ್‌ಗೆ ಹೊರಗಿನಿಂದ ದಾರಿ ತೆರೆಯಬೇಕಿಲ್ಲ. ಹೀಗೆ ಪಡೆದ ಸರ್ಟಿಫಿಕೇಟ್‌ನಲ್ಲಿರುವ ಹೆಸರು ಸಾರ್ವಜನಿಕ ದಾಖಲೆಗೆ ಹೋಗುತ್ತದೆ ಎಂಬುದು ಗೊತ್ತಿರಲಿ. ಒಳಗಿನ ಹೆಸರು ಹೊರಗೆ ಕಾಣಬಾರದೆಂದಿದ್ದರೆ ಉಪಡೊಮೇನಿನ ಎಲ್ಲ ಹೆಸರಿಗೂ ಸಲ್ಲುವ ವೈಲ್ಡ್‌ಕಾರ್ಡ್ ಸರ್ಟಿಫಿಕೇಟ್ ತೆಗೆದುಕೊಳ್ಳಿ.

ಈಗ ಇದೇ ಹೆಸರು ಲೈನ್ ಇಲ್ಲದಾಗಲೂ ಸಿಗಬೇಕಲ್ಲ? ಉತ್ತರ ಹೊರಗಿನ ಡಿಎನ್‌ಎಸ್‌ನಿಂದ ಬರುವಂತಿದ್ದರೆ ಕೇಬಲ್ ಕಡಿದ ಗಳಿಗೆಯಲ್ಲಿ ಆಫೀಸಿನೊಳಗಿನ ಮೇಲೂ ನಿಂತಿತು. ಪಕ್ಕದ ಟೇಬಲ್ಲಿಗೆ ಮೇಲ್ ಕಳಿಸಲು ಘಟ್ಟದಾಚೆಯ ಡಿಎನ್‌ಎಸ್ ಬೇಕೆನ್ನುವ ಏರ್ಪಾಡು ಏರ್ಪಾಡೇ ಅಲ್ಲ. ಹೆಸರಿನ ಉತ್ತರ ಕಟ್ಟಡದ ಒಳಗೇ ಇರಬೇಕು. ಜನ ಹಿಡಿಯುವ ದಾರಿ ಮೂರು, ಅವುಗಳಲ್ಲಿ ಮೊದಲೆರಡು ಮಾತ್ರ ಇದಕ್ಕೆ ಒದಗುತ್ತವೆ.

ಮೊದಲನೆಯದು ಹೋಸ್ಟ್ಸ್ ಫೈಲ್, ಅಂದರೆ ಪ್ರತಿ ಕಂಪ್ಯೂಟರಿನೊಳಗೇ ಇರುವ ಹೆಸರು-ಐಪಿ ಪಟ್ಟಿ; ನಾಲ್ಕೈದು ಕಂಪ್ಯೂಟರ್ ಇರುವ ಕಡೆ ಅದು ಸಾಕು. ಸಾಲು ಹೀಗಿರಬೇಕು: ಮೊದಲು ಐಪಿ, ನಂತರ ಪೂರ್ಣ ಹೆಸರು, ಕೊನೆಗೆ ಚುಟುಕು ಹೆಸರು. ಚುಟುಕು ಹೆಸರನ್ನು ಮೊದಲು ಬರೆದರೆ "ಹೋಸ್ಟ್‌ನೇಮ್ -ಎಫ್" ಆದೇಶ ಚುಟುಕನ್ನೇ ಕೊಡುತ್ತದೆ, ಅದನ್ನು ನಂಬಿದ ಸಾಫ್ಟ್‌ವೇರ್ ದಾರಿ ತಪ್ಪುತ್ತದೆ. ವಿಂಡೋಸಿನಲ್ಲಿ ನೋಟ್‌ಪ್ಯಾಡನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯದಿದ್ದರೆ ಉಳಿಸಲು ಬಿಡುವುದಿಲ್ಲ. ತೆರೆದರೂ ಹಿಂದೆ ಡಾಟ್ ಟಿಎಕ್ಸ್‌ಟಿ ಸೇರಿಕೊಂಡಿತೇ ಎಂದು ನೋಡಿ. ಮೊಬೈಲಿಗೂ ಸ್ಕ್ಯಾನರ್‌ಗೂ ಈ ದಾರಿ ಇಲ್ಲ.

ಎರಡನೆಯದು, ನಾವು ಮೆಚ್ಚುವ ದಾರಿ: ಸರ್ವರ್ ಯಂತ್ರದಲ್ಲೋ ಓಪನ್‌ಡಬ್ಲ್ಯೂಆರ್‌ಟಿ (ರೌಟರ್‌ಗೆಂದೇ ಇರುವ ಲಿನಕ್ಸ್) ಇರುವ ರೌಟರ್‌ನಲ್ಲೋ ಡಿಎನ್‌ಎಸ್‌ಮಾಸ್ಕ್ ಎಂಬ ಪುಟ್ಟ ಡಿಎನ್‌ಎಸ್ ಸಾಫ್ಟ್‌ವೇರ್. ಮೂರು ಸಾಲು ಸಾಕು.

ಲೋಕಲ್=/ಶಿರಸಿ.ಎಕ್ಸಾಂಪಲ್.ಕಾಮ್/
ಹೋಸ್ಟ್-ರೆಕಾರ್ಡ್=ಮೇಲ್.ಶಿರಸಿ.ಎಕ್ಸಾಂಪಲ್.ಕಾಮ್,192.168.11.10
ಬೋಗಸ್-ಪ್ರಿವ್

ಮೊದಲ ಸಾಲು ಈ ಉಪಡೊಮೇನಿನ ಪ್ರಶ್ನೆ ಹೊರಗೆ ಹೋಗದಂತೆ ತಡೆಯುತ್ತದೆ. ಎರಡನೆಯದು ಹೆಸರಿನಿಂದ ಐಪಿ, ಐಪಿಯಿಂದ ಹೆಸರು ಎರಡೂ ಉತ್ತರಗಳನ್ನು ಕೊಡುತ್ತದೆ. ಮೂರನೆಯದನ್ನು ಅನೇಕರು ಬಿಡುತ್ತಾರೆ, ಆದರೆ ಮಳೆಗಾಲದಲ್ಲಿ ಅದರ ಬೆಲೆ ತಿಳಿಯುತ್ತದೆ. ಯಾವುದೇ ಕಂಪ್ಯೂಟರ್ ಬಂದು ಬಾಗಿಲು ತಟ್ಟಿದಾಗ ಮೇಲ್ ಸರ್ವರ್ ಅದರ ಐಪಿಗೆ ಹೆಸರೇನೆಂದು ಡಿಎನ್‌ಎಸ್ ಕೇಳುತ್ತದೆ. ಈ ಪ್ರಶ್ನೆ ಸತ್ತ ಲೈನಿನ ಕಡೆ ಹೋದರೆ ಸಮಯ ಮೀರುವವರೆಗೆ ಕಾಯಬೇಕು, 220 ಸಾಲು ತಡವಾಗುತ್ತದೆ, ಅಷ್ಟರಲ್ಲಿ ಸ್ಕ್ಯಾನರ್ ಕೈಚೆಲ್ಲುತ್ತದೆ. ಬೋಗಸ್-ಪ್ರಿವ್ ಇದ್ದರೆ ಖಾಸಗಿ ವಿಳಾಸಗಳ ಪ್ರಶ್ನೆಗೆ "ಇಲ್ಲ" ಎಂದು ಅಲ್ಲೇ, ತಕ್ಷಣ ಉತ್ತರ.

ಲೋಕಲ್ ಸಾಲಿನಲ್ಲಿ ಇಡೀ ಎಕ್ಸಾಂಪಲ್.ಕಾಮ್ ಬರೆಯಬೇಡಿ. ಬರೆದರೆ ಹೊರಗೆ ಹೋಸ್ಟ್ ಆಗಿರುವ ನಿಮ್ಮದೇ ವೆಬ್‌ಸೈಟು ಒಳಗಿನಿಂದ ತೆರೆಯುವುದಿಲ್ಲ. ಅದಕ್ಕಿಂತ ಕೆಟ್ಟದ್ದು, ಆ ಡೊಮೇನಿನ ಹೊರಗಿನ ಮೇಲ್‌ಬಾಕ್ಸ್‌ಗಳಿಗೆ ಹೊರಟ ಪತ್ರ "ಡೊಮೇನೇ ಇಲ್ಲ" ಎಂಬ ಖಚಿತ ಉತ್ತರ ಸಿಕ್ಕಿ ಸರದಿಯಲ್ಲಿ ಕಾಯದೆ ನೇರ ಬೌನ್ಸ್ ಆಗಿ ಕಳಿಸಿದವರಿಗೇ ಮರಳುತ್ತದೆ.

ಡೆಬಿಯನ್, ಉಬುಂಟು ಬಳಸುವವರಿಗೆ ಒಂದು ಗುಂಡಿ ಇದೆ. ಅವುಗಳ ಹೋಸ್ಟ್ಸ್ ಫೈಲ್‌ನಲ್ಲಿ 127.0.1.1 ಎಂದು ಶುರುವಾಗುವ ಸಾಲಿನಲ್ಲಿ ಯಂತ್ರದ ಹೆಸರಿರುತ್ತದೆ. ಡಿಎನ್‌ಎಸ್‌ಮಾಸ್ಕ್ ಅದೇ ಯಂತ್ರದಲ್ಲಿದ್ದರೆ ಆ ಫೈಲನ್ನೂ ಓದಿ, ಮೇಲ್ ಸರ್ವರ್ ಎಲ್ಲಿ ಎಂದು ಕೇಳಿದ ಎಲ್ಲರಿಗೂ 127.0.1.1 ಎನ್ನುತ್ತದೆ. ಪ್ರತಿ ಕಂಪ್ಯೂಟರೂ ತನ್ನೊಳಗೇ ಮೇಲ್ ಸರ್ವರ್ ಹುಡುಕತೊಡಗುತ್ತದೆ. ಆ ಸಾಲನ್ನು ನಿಜವಾದ 192.168.11.10ಕ್ಕೆ ಬದಲಿಸಿ, ಇಲ್ಲವೇ ಡಿಎನ್‌ಎಸ್‌ಮಾಸ್ಕ್‌ಗೆ "ನೋ-ಹೋಸ್ಟ್ಸ್" ಹೇಳಿ.

ಯಂತ್ರಗಳಿಗೆ ತಾನಾಗಿ ಐಪಿ ಹಂಚುವ ಡಿಎಚ್‌ಸಿಪಿ ಮೂಲಕ ಕಂಪ್ಯೂಟರ್‌ಗಳಿಗೆ ಈ ಒಂದೇ ಡಿಎನ್‌ಎಸ್ ವಿಳಾಸ ಕೊಡಿ. "ಎರಡನೆಯದಾಗಿ 8.8.8.8 (ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್) ಇರಲಿ" ಎನ್ನುವ ಎಚ್ಚರಿಕೆ ಇಲ್ಲಿ ತಿರುಗುಬಾಣ. ಎರಡನೆಯದು ಮೊದಲನೆಯದು ಕೆಟ್ಟಾಗಷ್ಟೇ ಬಳಸುವ ಬದಲಿಯಲ್ಲ, ಮೊದಲನೆಯದು ಸ್ವಲ್ಪ ತಡ ಮಾಡಿದರೂ ಕಂಪ್ಯೂಟರ್ ಅದನ್ನು ಕೇಳಬಹುದು, ಅದು ನಿಮ್ಮ ಒಳಹೆಸರು ಇಲ್ಲ ಎನ್ನುತ್ತದೆ. "ಬೆಳಿಗ್ಗೆ ಮೇಲ್ ಬರ್ತಿತ್ತು, ಈಗ ಬರ್ತಾ ಇಲ್ಲ, ರೀಸ್ಟಾರ್ಟ್ ಮಾಡಿದ್ರೆ ಸರಿಯಾಗ್ತದೆ" ಎಂಬ ದೂರು ಬಂದರೆ ಮೊದಲು ನೋಡಬೇಕಾದ್ದು ಇದನ್ನೇ. ಆಂಡ್ರಾಯ್ಡ್ ಮೊಬೈಲಿನ ಪ್ರೈವೇಟ್ ಡಿಎನ್‌ಎಸ್‌ನಲ್ಲಿ ಯಾವುದಾದರೂ ಹೊರಗಿನ ಸೇವೆಯ ಹೆಸರು ತುಂಬಿದ್ದರೂ ಹೀಗೇ ಆಗುತ್ತದೆ.

ಮೂರನೆಯ ದಾರಿ, ಹೊರಗಿನ ಸಾರ್ವಜನಿಕ ಡಿಎನ್‌ಎಸ್‌ನಲ್ಲೇ ಹೆಸರಿನ ಮುಂದೆ 192.168.11.10 ಬರೆಯುವುದು. ಸುಲಭವೇನೋ ಹೌದು, ಆದರೆ ಲೈನ್ ಹೋದಾಗ ಹೆಸರೂ ಹೋಯಿತು. ಜೊತೆಗೆ ಓಪನ್‌ಡಬ್ಲ್ಯೂಆರ್‌ಟಿಯಂಥ ರೌಟರ್‌ಗಳು ಹೊರಗಿನಿಂದ ಬಂದ ಖಾಸಗಿ ವಿಳಾಸದ ಉತ್ತರವನ್ನು ದಾಳಿಯೆಂದು ಬಗೆದು ಎಸೆಯುತ್ತವೆ. ಬೇಡ.

ಶಾಖೆಗಳನ್ನು ವಿಪಿಎನ್‌ನಲ್ಲಿ ಜೋಡಿಸುವವರು ಮೊದಲೇ ಊರಿಗೊಂದು ಐಪಿ ಸಾಲು ಹಂಚಿ: ಶಿರಸಿಗೆ 192.168.11, ಕುಮಟಾಕ್ಕೆ 192.168.12, ಕಾರವಾರಕ್ಕೆ 192.168.13. ಕಂಪನಿ ಕೊಟ್ಟ ರೌಟರ್ ಎಲ್ಲ ಕಡೆ 192.168.1 ಎಂದೇ ಬಂದಿರುತ್ತದೆ. ಹಾಗೇ ಬಿಟ್ಟರೆ ಹೆಸರು ಸರಿಯಾದ ಐಪಿ ಕೊಟ್ಟರೂ ಕುಮಟಾದವರು ತಮ್ಮದೇ ಪ್ರಿಂಟರ್‌ಗೆ ಮೇಲ್ ಕೊಡಲು ಹೋಗಿರುತ್ತಾರೆ. ನಂತರ ಶಿರಸಿಯ ಡಿಎನ್‌ಎಸ್‌ಮಾಸ್ಕ್‌ನಲ್ಲಿ "ಸರ್ವರ್=/ಕುಮಟಾ.ಎಕ್ಸಾಂಪಲ್.ಕಾಮ್/192.168.12.1" ಎಂದು ಹಾಕಿದರೆ ಆ ಊರಿನ ಹೆಸರುಗಳನ್ನು ಆ ಊರಿನ ರೌಟರ್‌ಗೇ ಕೇಳುತ್ತದೆ.

ಯಾವ ಸಾಫ್ಟ್‌ವೇರ್‌ನಲ್ಲಿ ಹೇಗೆ

ಪೋಸ್ಟ್‌ಫಿಕ್ಸ್‌ನಲ್ಲಿ ಹೆಸರಿನ ಸೆಟ್ಟಿಂಗ್‌ಗಳು ಬಿಡಿಬಿಡಿಯಾಗಿ, ಸ್ಪಷ್ಟವಾಗಿ ಇವೆ. ಹೊಸದಾಗಿ ಶುರುಮಾಡುವವರಿಗೆ ನಾವು ಹೇಳುವುದು ಇದನ್ನೇ. ಮೈಹೋಸ್ಟ್‌ನೇಮ್ ಎಂಬಲ್ಲಿ ಮೇಲ್.ಶಿರಸಿ.ಎಕ್ಸಾಂಪಲ್.ಕಾಮ್ ಎಂದು ಕೈಯಾರೆ ಬರೆಯಿರಿ, ಯಂತ್ರದ ಹೆಸರಿನಿಂದ ಊಹಿಸಲು ಬಿಡಬೇಡಿ. ಮೈಡೊಮೇನ್ ಬರೆಯದಿದ್ದರೆ ಮೊದಲ ತುಂಡು ಕಿತ್ತು ಶಿರಸಿ.ಎಕ್ಸಾಂಪಲ್.ಕಾಮ್ ಎಂದುಕೊಳ್ಳುತ್ತದೆ. ನಿಮ್ಮ ವಿಳಾಸಗಳು ಬರೀ ಎಕ್ಸಾಂಪಲ್.ಕಾಮ್‌ನಲ್ಲಿದ್ದರೆ ಕಳಿಸಿದವರ ವಿಳಾಸಕ್ಕೆ ಡೊಮೇನ್ ಸೇರಿಸುವ ಮೈಒರಿಜಿನ್ ಅನ್ನೂ ಬಿಡಿಸಿ ಬರೆಯಬೇಕು. ಡೆಬಿಯನ್ನಿನಲ್ಲಿ ಮೈಒರಿಜಿನ್ ಈಟಿಸಿಯೊಳಗಿನ ಮೇಲ್‌ನೇಮ್ ಫೈಲಿನಿಂದ ಬರುತ್ತದೆ, ಪೋಸ್ಟ್‌ಫಿಕ್ಸ್‌ನ ಮುಖ್ಯ ಸೆಟ್ಟಿಂಗ್ ಫೈಲಾದ ಮೇನ್.ಸಿಎಫ್ ತಿದ್ದಿ ಇದನ್ನು ಮರೆತರೆ ಹಳೆಯ ಹೆಸರೇ ವಿಳಾಸದಲ್ಲಿ ಕಾಣಿಸುತ್ತಿರುತ್ತದೆ.

ಯಾವ ಡೊಮೇನುಗಳ ಮೇಲ್ ಈ ಯಂತ್ರದ್ದೇ ಎಂದು ಹೇಳುವ ಮೈಡೆಸ್ಟಿನೇಶನ್‌ನಲ್ಲಿ ತುಂಬ ಜನ ಎಡವುತ್ತಾರೆ. ಸಂಸ್ಥೆಯ ಮೇಲ್‌ಬಾಕ್ಸ್‌ಗಳು ಹೊರಗಿನ ಸೇವೆಯಲ್ಲಿ, ಒಳಗಿನ ಸರ್ವರ್ ಬರೀ ಸ್ಕ್ಯಾನ್ ಮತ್ತು ಎಚ್ಚರಿಕೆ ಸಾಗಿಸಲು ಎಂದಾಗ ಅಲ್ಲಿ ಎಕ್ಸಾಂಪಲ್.ಕಾಮ್ ಇರಲೇಬಾರದು. ಇದ್ದರೆ ಮ್ಯಾನೇಜರರಿಗೆ ಕಳಿಸಿದ ಸ್ಕ್ಯಾನ್ ಹೊರಗೆ ಹೋಗದೆ, ಇದೇ ಯಂತ್ರದಲ್ಲಿ ಮ್ಯಾನೇಜರ್ ಎಂಬ ಬಳಕೆದಾರನನ್ನು ಹುಡುಕಿ, ಸಿಗದೆ "ಯೂಸರ್ ಅನ್‌ನೋನ್" ಎಂದು ಮರಳುತ್ತದೆ. ಅಲ್ಲಿ ಮೈಹೋಸ್ಟ್‌ನೇಮ್ ಮತ್ತು ಲೋಕಲ್‌ಹೋಸ್ಟ್ ಇದ್ದರೆ ಸಾಕು.

ಶಾಖೆಯ ಸರ್ವರ್ ಮಾಡಲು ಹೆಡ್ ಆಫೀಸಿನದನ್ನೇ ಡಿಸ್ಕ್ ಸಮೇತ ನಕಲು ಮಾಡಿದಾಗ ಎರಡಕ್ಕೂ ಒಂದೇ ಮೈಹೋಸ್ಟ್‌ನೇಮ್ ಉಳಿಯುತ್ತದೆ. ಕುಮಟಾ ಶಿರಸಿಗೆ ಕರೆ ಮಾಡಿದಾಗ ಎದುರಿನಿಂದ ತನ್ನದೇ ಹೆಸರು ಕೇಳಿ ಪೋಸ್ಟ್‌ಫಿಕ್ಸ್ ಮೇಲ್ ಸುತ್ತು ಹೊಡೆಯುತ್ತಿದೆ ಎಂದು ತೀರ್ಮಾನಿಸುತ್ತದೆ. ಲಾಗ್‌ನಲ್ಲಿ "ಗ್ರೀಟೆಡ್ ಮಿ ವಿತ್ ಮೈ ಓನ್ ಹೋಸ್ಟ್‌ನೇಮ್" ಎಂಬ ಸಾಲು ಕಂಡರೆ ಬೇರೇನೂ ಹುಡುಕಬೇಡಿ.

ಪಿಂಗ್ ಆಗುತ್ತದೆ, ಪೋಸ್ಟ್‌ಫಿಕ್ಸ್‌ಗೆ ಮಾತ್ರ ಹೆಸರು ಸಿಗುವುದಿಲ್ಲ ಎಂಬುದೂ ಉಂಟು. ಮೇಲ್ ಕಳಿಸುವ ಭಾಗ ಹೋಸ್ಟ್ಸ್ ಫೈಲನ್ನು ನೋಡುವುದಿಲ್ಲ, ಮೊದಲಿನಿಂದ ಇರುವ ಸೆಟ್ಟಿಂಗ್ ಬರೀ ಡಿಎನ್‌ಎಸ್. ಎಸ್‌ಎಂಟಿಪಿ_ಹೋಸ್ಟ್_ಲುಕಪ್ = ಡಿಎನ್‌ಎಸ್, ನೇಟಿವ್ ಎಂದು ಮಾಡಿದರೆ ನೋಡುತ್ತದೆ. ಡೆಬಿಯನ್ನಿನ ಹಲವು ಆವೃತ್ತಿಗಳಲ್ಲಿ ಇದು ಬೇಲಿಯೊಳಗಿನ ಪ್ರತ್ಯೇಕ ಫೋಲ್ಡರಿನಿಂದ ನಡೆಯುವುದರಿಂದ, ಯಾವ ಡಿಎನ್‌ಎಸ್ ಕೇಳಬೇಕೆಂದು ಹೇಳುವ ರಿಸಾಲ್ವ್.ಕಾನ್ಫ್ ಫೈಲ್ ಬದಲಾಯಿಸಿದ ಮೇಲೆ ಪೋಸ್ಟ್‌ಫಿಕ್ಸ್ ರೀಸ್ಟಾರ್ಟ್ ಮಾಡಬೇಕು. ಆಗಲೇ ಹೊಸ ಪ್ರತಿ ಒಳಗೆ ಹೋಗುವುದು.

ಹೆಸ್ಕಾಂ ಕರೆಂಟು ಹೋಗಿ ಬಂದಾಗ ರೌಟರ್‌ಗಿಂತ ಮೊದಲೇ ಸರ್ವರ್ ಎದ್ದಿರುತ್ತದೆ. ಯಾವ ಐಪಿಯಲ್ಲಿ ಮೇಲ್ ಸ್ವೀಕರಿಸಬೇಕೆಂದು ಹೇಳುವ ಇನೆಟ್_ಇಂಟರ್‌ಫೇಸಸ್‌ನಲ್ಲಿ ಐಪಿಯನ್ನೋ ಹೆಸರನ್ನೋ ಬರೆದಿದ್ದರೆ, ಅದಿನ್ನೂ ಸಿಗದ ಕಾರಣ ಪೋಸ್ಟ್‌ಫಿಕ್ಸ್ ಏಳುವುದೇ ಇಲ್ಲ. ಅಲ್ಲಿ "ಆಲ್" ಇರಲಿ; ಯಾರಿಗೆ ಸಾಗಣೆಯ ಅನುಮತಿ ಎಂಬುದನ್ನು ಮೈನೆಟ್‌ವರ್ಕ್ಸ್‌ನಲ್ಲಿ 192.168.11.0/24 ಬರೆದು ನಿಯಂತ್ರಿಸಿ.

ಹೆಲೋ ಪರಿಶೀಲನೆ ಹಾಕುವವರು ಅನುಕ್ರಮ ನೋಡಿಕೊಳ್ಳಿ. ಪೂರ್ಣ ಹೆಸರಿಲ್ಲದ ಹೆಲೋ ತಿರಸ್ಕರಿಸುವ ನಿಯಮಕ್ಕಿಂತ ಮೊದಲು "ಪರ್ಮಿಟ್_ಮೈನೆಟ್‌ವರ್ಕ್ಸ್" ಬರಬೇಕು. ಔಟ್‌ಲುಕ್ ಕಂಪ್ಯೂಟರಿನ ಚುಟುಕು ಹೆಸರನ್ನು ಕಳಿಸುತ್ತದೆ, ಸ್ಕ್ಯಾನರ್‌ಗಳೂ ಅಷ್ಟೇ. ಥಂಡರ್‌ಬರ್ಡ್ ಚೌಕ ಕಂಸದಲ್ಲಿ ಐಪಿ ಕಳಿಸುವುದರಿಂದ ಅದೊಂದೇ ದಾಟಿಕೊಳ್ಳುತ್ತದೆ, "ನನ್ನ ಕಂಪ್ಯೂಟರಲ್ಲಿ ಸರಿ ಇದೆಯಲ್ಲ" ಎಂಬ ವಾದ ಹುಟ್ಟುವುದು ಹೀಗೆ.

ಎಕ್ಸಿಮ್ ಎಂಬ ಇನ್ನೊಂದು ಮೇಲ್ ಸರ್ವರ್‌ನಲ್ಲಿ ಮೈಹೋಸ್ಟ್‌ನೇಮ್‌ನ ಕೆಲಸವನ್ನು ಪ್ರೈಮರಿ_ಹೋಸ್ಟ್‌ನೇಮ್ ಮಾಡುತ್ತದೆ. ಬರೆಯದಿದ್ದರೆ ಯಂತ್ರದ ಹೆಸರು ತೆಗೆದುಕೊಂಡು, ಅದರಲ್ಲಿ ಚುಕ್ಕಿ ಇಲ್ಲದಿದ್ದರೆ ಪೂರ್ಣ ಹೆಸರನ್ನು ಹುಡುಕಲು ಹೊರಡುತ್ತದೆ. ಲೈನ್ ಇಲ್ಲದಾಗ ಅದೇ ತಡ. ಡೆಬಿಯನ್ನಿನ ಸಂರಚನೆಯಲ್ಲಿ "ಡಿಎನ್‌ಎಸ್ ಪ್ರಶ್ನೆ ಕನಿಷ್ಠಕ್ಕಿಳಿಸಬೇಕೇ" ಎಂದು ಕೇಳುತ್ತದೆ. ಡಯಲ್‌ಅಪ್ ಕಾಲದ ಪ್ರಶ್ನೆಯಾದರೂ ಘಟ್ಟದ ಲೈನಿಗೆ ಈಗಲೂ ಹೊಂದುತ್ತದೆ, ಹೌದು ಎನ್ನಿ. ಹೊರಗೆ ಹೇಳುವ ಹೆಸರು ಬೇರೆ ಬೇಕಿದ್ದರೆ ಹೆಲೋ_ಡೇಟಾ ಇದೆ. ಎಕ್ಸಿಮ್ ಗೊತ್ತಿರುವವರು ಬದಲಾಯಿಸಬೇಕಾದ ಕಾರಣವಿಲ್ಲ.

ಸೆಂಡ್‌ಮೇಲ್ ಎಂಬ ಹಳೆಯ ಮೇಲ್ ಸರ್ವರನ್ನು ಹೊಸದಾಗಿ ಹಾಕುವುದು ಬೇಡ. ಹಳೆಯದು ಇದ್ದು, ಬೂಟ್ ಆಗುವಾಗ ಒಂದು ನಿಮಿಷ ನಿಂತರೆ ಕಾರಣ ಪೂರ್ಣ ಹೆಸರು ಸಿಗದಿರುವುದು. ಹೋಸ್ಟ್ಸ್ ಫೈಲ್ ಸಾಲು ಸರಿಪಡಿಸಿ. ವಿಂಡೋಸಿನಲ್ಲಿ ಎಚ್‌ಮೇಲ್‌ಸರ್ವರ್ ಇದ್ದರೆ ಎಸ್‌ಎಂಟಿಪಿ ಸೆಟ್ಟಿಂಗಿನ ಡೆಲಿವರಿ ಪುಟದಲ್ಲಿ ಲೋಕಲ್ ಹೋಸ್ಟ್ ನೇಮ್ ಎಂಬ ಖಾನೆ ಖಾಲಿ ಬಿಡಬೇಡಿ. ಅದರ ಅಭಿವೃದ್ಧಿ ನಿಂತಿರುವುದರಿಂದ ಹೊಸ ಜಾಗಕ್ಕೆ ನಾವು ಸೂಚಿಸುವುದಿಲ್ಲ.

ಹೊರಗೆ ಕಳಿಸುವುದು

ಹೆಸರು ಎಷ್ಟೇ ಸರಿಯಿದ್ದರೂ ಸಾಮಾನ್ಯ ಬ್ರಾಡ್‌ಬ್ಯಾಂಡ್ ಲೈನಿನಿಂದ ನೇರವಾಗಿ ಹೊರಗೆ ಮೇಲ್ ಕಳಿಸಲು ಹೋಗಬೇಡಿ. ಐಪಿ ಬದಲಾಗುತ್ತಿರುತ್ತದೆ ಅಥವಾ ಹತ್ತಾರು ಮನೆಗಳೊಂದಿಗೆ ಹಂಚಿಕೊಂಡಿರುತ್ತದೆ, ಅದರ ಹಿಮ್ಮುಖ ಹೆಸರು (ಐಪಿಯಿಂದ ಹುಡುಕಿದಾಗ ಸಿಗುವ ಹೆಸರು) ನಿಮ್ಮ ಕೈಯಲ್ಲಿಲ್ಲ, 25ನೇ ಪೋರ್ಟ್ ಅನೇಕ ಕಡೆ ಮುಚ್ಚಿರುತ್ತದೆ. ನಿಮ್ಮ ಮೇಲ್ ಸೇವೆಯವರ ಸರ್ವರ್ ಮೂಲಕ 587ನೇ ಪೋರ್ಟಿನಲ್ಲಿ ಪಾಸ್‌ವರ್ಡ್ ಕೊಟ್ಟು ಸಾಗಿಸಿ. ಆ ಸರ್ವರ್‌ನ ಹೆಸರನ್ನು ಪೋಸ್ಟ್‌ಫಿಕ್ಸ್‌ನ ರಿಲೇಹೋಸ್ಟ್‌ನಲ್ಲಿ ಬರೆಯುವಾಗ ಚೌಕ ಕಂಸದಲ್ಲಿಡಿ, ಪೋರ್ಟ್ ಹೊರಗಿರಲಿ. ಕಂಸ ಬಿಟ್ಟರೆ ಎಂಎಕ್ಸ್ ದಾಖಲೆ (ಡೊಮೇನಿನ ಮೇಲ್ ಯಾವ ಸರ್ವರ್‌ಗೆ ಹೋಗಬೇಕೆಂಬ ಡಿಎನ್‌ಎಸ್ ದಾಖಲೆ) ಹುಡುಕಿ ಬೇರೆಲ್ಲೋ ಹೋಗುತ್ತದೆ. ಒಳಗಿನ ವಿಳಾಸಗಳನ್ನು ಹೊರಡುವಾಗ ಹೊರಗಿನ ವಿಳಾಸಕ್ಕೆ ತಿರುಗಿಸಲು ಎಸ್‌ಎಂಟಿಪಿ_ಜೆನೆರಿಕ್_ಮ್ಯಾಪ್ಸ್ ಬಳಸಿ, ಫೈಲ್ ತಿದ್ದಿದ ಪ್ರತಿ ಸಲವೂ ಪೋಸ್ಟ್‌ಮ್ಯಾಪ್ ಆದೇಶ ಮರೆಯಬೇಡಿ.

ಲೈನ್ ಕಡಿದಾಗ ಹೊರಗಿನ ಪತ್ರಗಳು ಪೋಸ್ಟ್‌ಫಿಕ್ಸ್‌ನ ಸರದಿಯಲ್ಲಿ 5 ದಿನ ಕಾಯುತ್ತವೆ, ಆಮೇಲೆ ಬೌನ್ಸ್. ಮಳೆಗಾಲಕ್ಕೆ ಮ್ಯಾಕ್ಸಿಮಲ್_ಕ್ಯೂ_ಲೈಫ್‌ಟೈಮ್ ಅನ್ನು 10 ದಿನಕ್ಕೆ ಏರಿಸಿದರೆ ನಷ್ಟವಿಲ್ಲ. ಲೈನ್ ಬಂದ ಮೇಲೆ "ಪೋಸ್ಟ್‌ಕ್ಯೂ -ಎಫ್" ಕೊಟ್ಟರೆ ಕಾಯದೆ ಹೊರಡುತ್ತವೆ.

ಪರೀಕ್ಷೆ, ಮತ್ತು ಹೆಸರು ಬದಲಿಸುವಾಗ

ಸರ್ವರ್‌ನಲ್ಲಿ "ಹೋಸ್ಟ್‌ನೇಮ್ -ಎಫ್" ಮತ್ತು "ಪೋಸ್ಟ್‌ಕಾನ್ಫ್ ಮೈಹೋಸ್ಟ್‌ನೇಮ್" ಎರಡೂ ಒಂದೇ ಹೆಸರು ಹೇಳಬೇಕು. ಇನ್ನೊಂದು ಕಂಪ್ಯೂಟರಿನಿಂದ 25ನೇ ಪೋರ್ಟಿಗೆ ಟೆಲ್ನೆಟ್ ಮಾಡಿದರೆ 220 ಸಾಲು ಎರಡು ಸೆಕೆಂಡಿನೊಳಗೆ ಬರಬೇಕು. ನಂತರ ಫೈಬರ್ ಮೋಡೆಮ್‌ನಿಂದ ರೌಟರ್‌ಗೆ ಹೋಗುವ ಕೇಬಲ್ ಕಿತ್ತು ಹತ್ತು ನಿಮಿಷ ಬಿಡಿ. ಹೆಸರುಗಳ ಹಳೆಯ ಉತ್ತರ ನೆನಪಿನಲ್ಲಿ ಉಳಿದಿರಬಹುದು, ವಿಂಡೋಸಿನಲ್ಲಿ "ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್" ಕೊಟ್ಟು ಅಳಿಸಿ. ಈಗ ಇದನ್ನೆಲ್ಲ ಮತ್ತೆ ಮಾಡಿ, ಒಂದು ಸ್ಕ್ಯಾನ್ ಕಳಿಸಿ. ಮೇ ತಿಂಗಳಲ್ಲೇ ಇದು ಮುಗಿದಿರಲಿ.

ಹಳೆಯ ಹೆಸರಿನಿಂದ ಹೊಸದಕ್ಕೆ ಹೋಗುವವರು ಹಳೆಯದನ್ನು ಒಂದೇ ದಿನ ಅಳಿಸಬೇಡಿ. ಮೈಡೆಸ್ಟಿನೇಶನ್‌ನಲ್ಲೂ ಡಿಎನ್‌ಎಸ್‌ಮಾಸ್ಕ್‌ನಲ್ಲೂ ಹಳೆಯದು ಇನ್ನೊಂದೆರಡು ತಿಂಗಳು ಇರಲಿ. ಸರದಿಯಲ್ಲಿರುವ ಪತ್ರಗಳು, ಬೌನ್ಸ್ ಆಗಿ ಮರಳುವವು ಅದೇ ಹೆಸರಿಗೆ ಬರುತ್ತವೆ. ಲಾಗ್‌ನಲ್ಲಿ ಹಳೆಯ ಹೆಸರನ್ನು ಹುಡುಕುತ್ತಿದ್ದರೆ ಇನ್ನೂ ಯಾವ ವಿಳಾಸ, ಯಾವ ಯಂತ್ರ ತಿದ್ದುವುದು ಬಾಕಿ ಎಂದು ತಿಳಿಯುತ್ತದೆ. ಸಾಮಾನ್ಯವಾಗಿ ಕೊನೆಗೆ ಉಳಿಯುವುದು ಯಾರೂ ಪಾಸ್‌ವರ್ಡ್ ಬರೆದಿಟ್ಟುಕೊಳ್ಳದ ಸಿಸಿಟಿವಿ ಡಿವಿಆರ್.